ಸಂಪಾದಕರ ಉತ್ತರ: ಆ ಮೋಲ್ಡ್‌ಗೆ ಪಾಲಿಶ್ ಹೊಡೆಸಬೇಡಿ

ಪ್ರಿಯ ಓದುಗರೇ,

ಬಾಗಿಲು ಮುಚ್ಚುತ್ತಿರುವ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಚಮಚದ ಹಳೆಯ ಮೋಲ್ಡ್ ಗುಜರಿ ದರಕ್ಕೆ ಸಿಗುತ್ತಿದೆ, ಕೊಳ್ಳಲೇ ಎಂದು ಕೇಳಿದ್ದೀರಿ. ಕೊಂಡು, ಬಫ್ ಹೊಡೆಸಿ, ಫಳಫಳ ಅನ್ನಿಸಿ ಶೋಕೇಸಿನಲ್ಲಿ ಇಡುವ ಆಸೆ ನಿಮ್ಮದು. ‘ಪ್ಲಾಸ್ಟಿಕ್ಕೇ ಬೇಡ ಅನ್ನೋ ಕಾಲದಲ್ಲಿ ಅದರ ಅಚ್ಚು ಯಾಕೆ’ ಅಂತ ಮನೆಯವರ ತಕರಾರು.

ಕೊಳ್ಳಿ. ಆದರೆ ಪಾಲಿಶ್ ಮಾತ್ರ ಬೇಡ. ಹಳೆಯ ಮೋಲ್ಡ್‌ನಲ್ಲಿ ಓದುವಂಥದ್ದೆಲ್ಲ ಇರುವುದು ಅದರ ಮೈಮೇಲೇ. ಚಮಚದ ಆಕಾರದ ಒಂದು ಗುಳಿಯನ್ನು, ಅಂದರೆ ಕ್ಯಾವಿಟಿಯನ್ನು, ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಹಿಡಿಯ ಜಾಗದಲ್ಲಿ ಪುಟ್ಟ ಅಂಕಿಯೊಂದು ತಿರುವುಮುರುವಾಗಿ ಕೊರೆದಿರಬಹುದು. ಅದು ಕ್ಯಾವಿಟಿ ನಂಬರ್. ಚಮಚ ಕೆಟ್ಟು ಬಂದರೆ ಯಾವ ಗುಳಿಯದ್ದು ಅಂತ ಅದರಿಂದಲೇ ಹಿಡಿಯುತ್ತಿದ್ದರು. ಕರಗಿದ ಪ್ಲಾಸ್ಟಿಕ್ ಒಳನುಗ್ಗುವ ಗೇಟ್‌ನ ಅಂಚು ಸವೆದು ದುಂಡಗಾಗಿರಬಹುದು. ಮೋಲ್ಡ್‌ನ ಎರಡು ಹೋಳು ಕೂಡುವ ಗೆರೆ ಎಲ್ಲಾದರೂ ಜಜ್ಜಿದ್ದರೆ, ಚಮಚದ ಅಂಚಿಗೆ ತೆಳ್ಳಗಿನ ಪೊರೆ ಬರುತ್ತಿತ್ತು ಅಂತ ಅರ್ಥ. ಉಕ್ಕಿನ ಬಣ್ಣ ಒಂದೇ ಕಡೆ ಬೇರೆಯಾಗಿ ಕಂಡರೆ, ಅಲ್ಲಿ ವೆಲ್ಡ್ ತುಂಬಿ ರಿಪೇರಿ ಮಾಡಿರುವ ಸಾಧ್ಯತೆ ಜಾಸ್ತಿ. ಬಫ್ ಹೊಡೆದರೆ ಇದೆಲ್ಲ ಮಾಸಿಹೋಗುತ್ತದೆ, ಉಳಿಯುವುದು ಬರೀ ಹೊಳಪು.

ಇನ್ನೊಂದು ಕಾರಣವೂ ಇದೆ. ಬೇಗ ತಣ್ಣಗಾಗಲಿ ಅಂತ ಕೆಲವು ಮೋಲ್ಡ್‌ಗಳಲ್ಲಿ ಬೆರಿಲಿಯಂ ಬೆರೆತ ತಾಮ್ರದ ತುಂಡು ಕೂರಿಸಿರುತ್ತಾರೆ. ಅದನ್ನು ಉಜ್ಜಿದಾಗ ಏಳುವ ಧೂಳು ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು. ತಾಮ್ರದ ಬಣ್ಣ ಕಂಡಲ್ಲಿ ಉಪ್ಪುಕಾಗದ ಮುಟ್ಟಿಸಲೇಬೇಡಿ.

ಪೂರ್ತಿ ಮೋಲ್ಡ್ ಬೇಕೇ ಅಂತ ಒಮ್ಮೆ ಯೋಚಿಸಿ. 40 ಸೆಂ.ಮೀ. ಉದ್ದ, 30 ಅಗಲ, 30 ಎತ್ತರದ ಉಕ್ಕಿನ ಗಟ್ಟಿಯೇ ಸುಮಾರು 280 ಕಿಲೋ ತೂಗುತ್ತದೆ. ಎತ್ತುವಾಗ ಎರಡು ಹೋಳೂ ಬಿಚ್ಚಿಕೊಳ್ಳದಂತೆ ಪಟ್ಟಿ ಹಾಕಿ ಬೋಲ್ಟ್ ಬಿಗಿದಿರಬೇಕು. ಇಲ್ಲದಿದ್ದರೆ ಹೋಳುಗಳನ್ನು ನೇರಕ್ಕೆ ಕೂಡಿಸುವ ಗೈಡ್ ಪಿನ್‌ಗಳ ಮೇಲೆ ಅವು ಸುಮ್ನೆ ಜಾರಿಬಿಡುತ್ತವೆ, ಕೆಳಗೆ ಕಾಲಿದ್ದರೆ ಮುಗೀತು. ನನ್ನನ್ನು ಕೇಳಿದರೆ, ಇನ್ಸರ್ಟ್ (ಮೋಲ್ಡ್‌ನೊಳಗೆ ಕೂರಿಸಿದ, ಆಕಾರ ಕೊರೆದ ತುಂಡು) ಬಿಚ್ಚಲು ಬರುವಂತಿದ್ದರೆ ಒಂದೇ ಚಮಚದ ಕ್ಯಾವಿಟಿ ಮತ್ತು ಅದರೊಳಗೆ ಕೂರುವ ಉಬ್ಬುಭಾಗ, ಅಂದರೆ ಕೋರ್, ಸಾಕು. ಎರಡೂ ಒಂದೇ ನಂಬರಿನ ಜೋಡಿ ಆಗಿರಲಿ. ಜೊತೆಗೆ ಕೊನೆಯ ಶಾಟ್ (ಯಂತ್ರ ಒಮ್ಮೆ ಹೊಡೆದಾಗ ಬೀಳುವ ಚಮಚಗಳ ಗೊಂಚಲು) ಉಳಿದಿದೆಯಾ ಕೇಳಿ. ಯಂತ್ರದಿಂದ ಮೋಲ್ಡ್ ಇಳಿಸುವಾಗ ಕಡೆಗೆ ಬಿದ್ದ ಚಮಚಗಳನ್ನು, ಅವನ್ನು ಜೋಡಿಸುವ ರನ್ನರ್ ಕಡ್ಡಿಯ ಸಮೇತ ಮೋಲ್ಡ್‌ಗೇ ಕಟ್ಟಿಡುವ ರೂಢಿ ಅನೇಕ ಕಾರ್ಖಾನೆಗಳಲ್ಲಿದೆ. ಆ ಚಮಚವನ್ನು ಗುಳಿಯಲ್ಲಿಟ್ಟರೆ ಕೂದಲೆಳೆಯಷ್ಟು ಸಡಿಲ. ಇಂಥ ಚಮಚಕ್ಕೆ ಬಳಸುವ ಪಾಲಿಸ್ಟೈರೀನ್ ಪ್ಲಾಸ್ಟಿಕ್ ತಣ್ಣಗಾದಾಗ ಸುಮಾರು ಅರ್ಧ ಶೇಕಡಾ ಕುಗ್ಗುತ್ತದೆ, ಅದಕ್ಕೇ ಗುಳಿಯನ್ನು ಮೊದಲೇ ಅಷ್ಟು ದೊಡ್ಡದಾಗಿ ಕೊರೆದಿರುತ್ತಾರೆ.

ಇಡುವ ರೀತಿ ಕಷ್ಟವೇನಲ್ಲ. ಪೂರ್ತಿ ಮೋಲ್ಡ್ ತಂದರೆ, ಅದನ್ನು ತಣ್ಣಗಿಡಲು ಒಳಗೆ ಕೊರೆದ ನೀರಿನ ದಾರಿಗಳಿಗೆ ಗಾಳಿ ಊದಿಸಿ ಒಣಗಿಸಿ, ತುಕ್ಕು ಕಣ್ಣಿಗೆ ಕಾಣದೆ ಅಲ್ಲೇ ಶುರುವಾಗುತ್ತದೆ. ಮೈಗೆ ತುಕ್ಕು ನಿರೋಧಕ ಎಣ್ಣೆ ಸವರಿ. ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಬೆರಳಚ್ಚು ತುಕ್ಕಾಗಿ ಕೂರುತ್ತದೆ.

ಮನೆಯವರ ಪ್ರಶ್ನೆ ನ್ಯಾಯವಾದದ್ದೇ. ಯುರೋಪಿಯನ್ ಒಕ್ಕೂಟ 2021ರ ಜುಲೈ 3ರಿಂದ, ಭಾರತ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಚಮಚ ನಿಷೇಧಿಸಿದವು. ಇಂಥ ಮೋಲ್ಡ್‌ಗಳು ಈಗ ಕರಗಿಸುವ ಕುಲುಮೆಗೆ ಹೋಗುತ್ತವೆ. 16 ಕ್ಯಾವಿಟಿಯ ಒಂದು ಮೋಲ್ಡ್ 10 ಲಕ್ಷ ಶಾಟ್ ಹೊಡೆದರೆ 1 ಕೋಟಿ 60 ಲಕ್ಷ ಚಮಚ. ಅಷ್ಟು ಕಸ ಎಲ್ಲಿಂದ ಬಂತು ಅಂತ ಮಕ್ಕಳಿಗೆ ತೋರಿಸಲು ಇದಕ್ಕಿಂತ ಸ್ಪಷ್ಟ ವಸ್ತು ನನಗೆ ಹೊಳೆಯುತ್ತಿಲ್ಲ. ಹಾಗಂತ ಅದರಲ್ಲಿ ಮತ್ತೆ ಚಮಚ ಹೊಡೆಸಲು ಹೋಗಬೇಡಿ, ಅಲ್ವಾ?

ದುಡ್ಡು ಕೊಡುವ ಮೊದಲು ಒಂದು ಮಾತು. ಮೋಲ್ಡ್ ಕಾರ್ಖಾನೆಯಲ್ಲಿದ್ದರೂ ಎಷ್ಟೋ ಸಲ ಅದರ ಮಾಲೀಕರು ಚಮಚ ಮಾಡಿಸಿಕೊಂಡ ಕಂಪನಿಯವರು. ಹಿಡಿಯ ಮೇಲೆ ಲೋಗೋ ಇದ್ದರಂತೂ ಅವರ ಒಪ್ಪಿಗೆ ಕಾಗದದಲ್ಲೇ ಇರಲಿ.

— ಸಂಪಾದಕ