ನಾಫ್‌ಪ್ಲಿಯೊಗೆ ಒಂದು ಗಂಟೆ ಸಾಕಾ?

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ಮನೆಮಂದಿಯೆಲ್ಲ ಗ್ರೀಸ್‌ಗೆ ಹೊರಟಿದ್ದೇವೆ. ಟೂರ್‌ನವರು ಅಥೆನ್ಸ್‌ನಿಂದ ಒಂದೇ ದಿನದಲ್ಲಿ ಮೈಸಿನಿ, ಎಪಿಡಾರಸ್ ಎಂಬ ಪ್ರಾಚೀನ ಅವಶೇಷಗಳ ಜಾಗ ತೋರಿಸಿ, ನಡುವೆ ನಾಫ್‌ಪ್ಲಿಯೊ ಎಂಬ ಬಂದರಿನ ಊರಲ್ಲಿ ಒಂದು ಗಂಟೆ ಬಿಡುತ್ತಾರಂತೆ. ಅಷ್ಟು ಸಾಕಾ? ಆ ಊರಲ್ಲಿ ನೋಡುವಂಥದ್ದು ಏನಿದೆ?
– ಓದುಗರು, ಮೈಸೂರು

ಉತ್ತರ: ಸಾಲದು. ಆಗುವುದಾದರೆ ಆ ಒಂದು ದಿನದ ಟೂರ್ ಕೈಬಿಟ್ಟು ನಾಫ್‌ಪ್ಲಿಯೊದಲ್ಲೇ ಎರಡು ರಾತ್ರಿ ಉಳಿದುಕೊಳ್ಳಿ. ಅಥೆನ್ಸ್‌ನಿಂದ ಸುಮಾರು 140 ಕಿ.ಮೀ., ನೇರ ಬಸ್ ಇದೆ, ಎರಡರಿಂದ ಎರಡೂವರೆ ಗಂಟೆಯ ದಾರಿ. ಮೈಸಿನಿ, ಎಪಿಡಾರಸ್ ಎರಡೂ ಅಲ್ಲಿಂದ ಹೆಚ್ಚುಕಮ್ಮಿ 30 ಕಿ.ಮೀ. ಒಳಗೇ ಇವೆ. ಹಾಗಾಗಿ ಯಾವುದೂ ತಪ್ಪಿಹೋಗುವುದಿಲ್ಲ.

ಇಷ್ಟು ಒತ್ತಿ ಹೇಳೋಕೆ ಕಾರಣವಿದೆ. ಆಧುನಿಕ ಗ್ರೀಸ್‌ನ ಮೊದಲ ರಾಜಧಾನಿ ಅಥೆನ್ಸ್ ಅಲ್ಲ, ಈ ಪುಟ್ಟ ಬಂದರು. ಒಟ್ಟೊಮನ್ ತುರ್ಕರ ವಿರುದ್ಧ 1821ರಲ್ಲಿ ಶುರುವಾದ ಸ್ವಾತಂತ್ರ್ಯ ಯುದ್ಧದ ನಡುವೆಯೇ ಇಲ್ಲಿ ಸರ್ಕಾರ ನಿಂತಿತು. 1834ರಲ್ಲಿ ರಾಜಧಾನಿ ಅಥೆನ್ಸ್‌ಗೆ ಹೋಯಿತು. ಹಳೇ ಊರು ಮಾತ್ರ ಅಂದಿನ ಅಳತೆಯಲ್ಲೇ ಉಳಿದುಕೊಂಡಿದೆ. ಅದನ್ನು ನಡೆದೇ ನೋಡಬೇಕು.

ಮೊದಲು ಸೇಂಟ್ ಸ್ಪಿರಿಡಾನ್ ಚರ್ಚ್‌ಗೆ ಹೋಗಿ. ಇಕ್ಕಟ್ಟಿನ ಓಣಿಯಲ್ಲಿರುವ ಚಿಕ್ಕ ಚರ್ಚ್, ಗೊತ್ತಿಲ್ಲದಿದ್ದರೆ ಸುಮ್ನೆ ದಾಟಿ ಹೋಗಿಬಿಡುತ್ತೀರಿ. ಗ್ರೀಸ್‌ನ ಮೊದಲ ಗವರ್ನರ್ ಇಯೊನ್ನಿಸ್ ಕಪೊದಿಸ್ತ್ರಿಯಾಸ್‌ನನ್ನು ಕೊಂದದ್ದು ಇದರ ಬಾಗಿಲಲ್ಲೇ. ಹಿಂದೆ ರಷ್ಯಾದ ವಿದೇಶಾಂಗ ಮಂತ್ರಿಯಾಗಿದ್ದ ಮನುಷ್ಯ ಆತ. ತೆರಿಗೆ, ಸೈನ್ಯ, ಶಾಲೆ ಎಲ್ಲವನ್ನೂ ಒಂದು ಹಿಡಿತಕ್ಕೆ ತರಲು ಹೊರಟಿದ್ದ. ಊರೂರಿನ ಪಾಳೇಗಾರರಿಗೆ ಅದು ಹಿಡಿಸಲಿಲ್ಲ. ಮಾನಿ ಪ್ರದೇಶದ ಮವ್ರೊಮಿಖಾಲಿಸ್ ಮನೆತನದ ಹಿರಿಯನನ್ನು ಆತ ಜೈಲಿಗೆ ಹಾಕಿಸಿದ್ದ. 1831ರ ಅಕ್ಟೋಬರ್ 9, ಭಾನುವಾರ ಬೆಳಿಗ್ಗೆ ಪ್ರಾರ್ಥನೆಗೆ ಬಂದಾಗ ಆ ಹಿರಿಯನ ತಮ್ಮ ಮತ್ತು ಮಗ ಸೇರಿ ಮುಗಿಸಿಬಿಟ್ಟರು. ಬಾಗಿಲ ಪಕ್ಕದ ಕಲ್ಲಿನಲ್ಲಿ ಗುಂಡು ತಗುಲಿದ ಗುರುತನ್ನು ಗಾಜು ಮುಚ್ಚಿ ಕಾಪಾಡಿದ್ದಾರೆ. ಬೆರಳ ತುದಿಯಷ್ಟು ಗುಳಿ. ಒಂದು ದೇಶದ ದಾರಿ ಬದಲಾದದ್ದು ಅಲ್ಲಿ. ಆಮೇಲೆ ಯುರೋಪಿನ ದೊಡ್ಡ ರಾಷ್ಟ್ರಗಳು ಸೇರಿ ಬವೇರಿಯಾದ ಹದಿಹರೆಯದ ರಾಜಕುಮಾರ ಒಟ್ಟೋನನ್ನು ಗ್ರೀಸ್‌ನ ದೊರೆಯಾಗಿ ಕಳಿಸಿದವು. 1833ರಲ್ಲಿ ಅವನು ಬಂದಿಳಿದದ್ದೂ ನಾಫ್‌ಪ್ಲಿಯೊಗೇ.

ಅಲ್ಲಿಂದ ಐದು ನಿಮಿಷ ನಡೆದರೆ ಸಿಂತಗ್ಮಾ ಚೌಕ. ಚೌಕದ ಅಂಚಿನಲ್ಲಿ ಗುಮ್ಮಟದ ಒಂದು ಹಳೇ ಮಸೀದಿ ಇದೆ. ಯುದ್ಧದ ಕಾಲದಲ್ಲಿ ಗ್ರೀಕರ ಸಂಸತ್ತು ಸೇರುತ್ತಿದ್ದದ್ದು ಅದರಲ್ಲಿ. 1834ರಲ್ಲಿ ಅದೇ ಕಟ್ಟಡ ಕೋರ್ಟಾಯಿತು. ಕಟಕಟೆಯಲ್ಲಿ ನಿಂತವನು ಯಾರು ಗೊತ್ತಾ? ಸ್ವಾತಂತ್ರ್ಯ ಯುದ್ಧ ಗೆಲ್ಲಿಸಿದ ಸೇನಾಪತಿ ಥಿಯೊದೊರೊಸ್ ಕೊಲೊಕೊತ್ರೋನಿಸ್! ಒಟ್ಟೋ ಇನ್ನೂ ಚಿಕ್ಕವನಾದ್ದರಿಂದ ಅಧಿಕಾರ ನಡೆಸುತ್ತಿದ್ದ ಬವೇರಿಯಾದ ಮಂದಿ ಅವನ ಮೇಲೆ ರಾಜದ್ರೋಹದ ಆರೋಪ ಹೊರಿಸಿದ್ದರು. ಐದು ಜನ ನ್ಯಾಯಾಧೀಶರಲ್ಲಿ ಪೊಲಿಜೊಇದಿಸ್, ತೆರ್ತ್ಸೆತಿಸ್ ಎಂಬ ಇಬ್ಬರು ಮರಣದಂಡನೆಗೆ ಸಹಿ ಹಾಕುವುದಿಲ್ಲ ಎಂದು ಪಟ್ಟು ಹಿಡಿದರು. ಸೈನಿಕರು ಅವರನ್ನು ಎಳೆದು ತಂದು ಕುರ್ಚಿಯಲ್ಲಿ ಕೂರಿಸಿದರು. ಆದರೂ ಅವರು ಸಹಿ ಹಾಕಲಿಲ್ಲ. ಉಳಿದ ಮೂವರ ಬಹುಮತದಿಂದ ಮರಣದಂಡನೆಯ ತೀರ್ಪೇ ಬಂತು, ಆಮೇಲೆ ಅದು ಜೈಲುವಾಸಕ್ಕೆ ಇಳಿಯಿತು. ಮರುವರ್ಷ ಒಟ್ಟೋ ಪ್ರಾಯಕ್ಕೆ ಬಂದಾಗ ಮುದುಕ ಸೇನಾಪತಿಗೆ ಕ್ಷಮೆ ಸಿಕ್ಕಿತು. ನನಗಂತೂ ಈ ಊರಿನ ಅತಿ ದೊಡ್ಡ ಕಥೆ ಇದೇ. ಊರಿನ ಮೇಲಿರುವ ಪಲಮಿದಿ ಕೋಟೆ ನೋಡೋಕೆ ಸಾವಿರಾರು ಜನ ಬರುತ್ತಾರೆ, ಈ ಇಬ್ಬರು ನ್ಯಾಯಾಧೀಶರ ಹೆಸರು ಕೇಳಿದವರು ತೀರಾ ಕಡಿಮೆ. ಇದು ಬದಲಾಗಬೇಕು.

ಚೌಕದ ಇನ್ನೊಂದು ತುದಿಯಲ್ಲಿ ವೆನಿಸ್‌ನವರು 1713ರಲ್ಲಿ ಕಟ್ಟಿದ ದಪ್ಪ ಗೋಡೆಯ ಕಟ್ಟಡವಿದೆ. ಅದೀಗ ಪುರಾತತ್ವ ಮ್ಯೂಸಿಯಂ. ಒಂದೇ ಒಂದು ವಸ್ತುವಿಗಾಗಿಯಾದರೂ ಒಳಗೆ ಹೋಗಿ: ಹತ್ತಿರದ ದೆಂದ್ರಾ ಹಳ್ಳಿಯ ಗೋರಿಯಲ್ಲಿ ಸಿಕ್ಕ ಕಂಚಿನ ಕವಚ. ಕ್ರಿ.ಪೂ. 15ನೇ ಶತಮಾನದ್ದು. ಗಲ್ಲದ ತನಕ ಬರುವ ಕೊರಳ ಪಟ್ಟಿ, ಭುಜಕ್ಕೆ ಬೇರೆ ತಗಡು, ಸೊಂಟದ ಕೆಳಗೆ ಒಂದರ ಮೇಲೊಂದು ಇಳಿಬಿದ್ದ ಪಟ್ಟಿಗಳು. ಜೊತೆಗೆ ಕಾಡುಹಂದಿಯ ಕೋರೆಹಲ್ಲುಗಳನ್ನು ಕೊಯ್ದು ಸಾಲಾಗಿ ಹೊಲಿದ ಶಿರಸ್ತ್ರಾಣ. ಅದರ ಮುಂದೆ ನಿಂತರೆ ಅದನ್ನು ಹೊತ್ತವನ ಮೈಕಟ್ಟು ಎಷ್ಟಿತ್ತು ಅಂತ ಅಂದಾಜಾಗುತ್ತದೆ.

ಸಂಜೆಗೆ ದಡಕ್ಕೆ ಬನ್ನಿ. ನೀರಿನ ನಡುವೆ ಕಾಣುವ ಬುರ್ಜಿ ಕೋಟೆ 15ನೇ ಶತಮಾನದ್ದು, ಅದೂ ವೆನಿಸ್‌ನವರ ಕೆಲಸ. ಶತ್ರು ಹಡಗು ನುಗ್ಗದಂತೆ ಅಲ್ಲಿಂದ ದಡದ ಕಡೆಗೆ ಕಬ್ಬಿಣದ ಸರಪಳಿ ಎಳೆಯುತ್ತಿದ್ದರು. 19ನೇ ಶತಮಾನದಲ್ಲಿ ಮರಣದಂಡನೆ ಜಾರಿ ಮಾಡುವ ಕೆಲಸದವರನ್ನು ಇಲ್ಲಿ ಇರಿಸಿದ್ದರು, ಊರಿನವರು ಅವರನ್ನು ಒಳಗೆ ಸೇರಿಸುತ್ತಿರಲಿಲ್ಲ. ಆಮೇಲೆ ಅದೇ ಕೋಟೆ ಕೆಲಕಾಲ ಹೋಟೆಲ್ ಕೂಡ ಆಗಿತ್ತು.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಬಂದರಿನ ಊರು ಅಂದರೆ ಬರೀ ಮೀನೇ ಇರುತ್ತದೆ ಅಲ್ವಾ? ಅವಲಕ್ಕಿ, ಎಂಟಿಆರ್ ಪೊಟ್ಟಣ ಹೊತ್ತುಕೊಂಡು ಹೋಗಬೇಕಾ?
– ಓದುಗರು, ಧಾರವಾಡ

ಉತ್ತರ: ಪೊಟ್ಟಣ ಮನೆಯಲ್ಲೇ ಇರಲಿ. ಗ್ರೀಕ್ ಚರ್ಚ್‌ನಲ್ಲಿ ಉಪವಾಸದ ದಿನಗಳು ಬಹಳ. ಆ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. ಹೀಗಾಗಿ ಎಣ್ಣೆಯಲ್ಲಿ ಬೇಯಿಸಿದ ತರಕಾರಿ, ಕಾಳುಗಳ ಅಡುಗೆ ಅಲ್ಲಿ ಮನೆಮನೆಯಲ್ಲೂ ಬೇರೂರಿದೆ. ತವೆರ್ನಾದಲ್ಲಿ, ಅಂದರೆ ಅಲ್ಲಿನ ಊಟದ ಹೋಟೆಲಿನಲ್ಲಿ, ಕೂತು 'ನಿಸ್ತಿಸಿಮೊ' ಏನಿದೆ ಎಂದು ಕೇಳಿ, ಅಂದರೆ ಉಪವಾಸದ ಅಡುಗೆ. ಒಂದು ಎಚ್ಚರಿಕೆ: ಆಕ್ಟೋಪಸ್, ಸಿಗಡಿ ಅವರ ಉಪವಾಸಕ್ಕೆ ನಡೆಯುತ್ತದೆ. ಹಾಗಾಗಿ ಜೊತೆಗೆ 'ಖೊರ್ತೊಫಾಗೊಸ್', ಸಸ್ಯಾಹಾರಿ, ಎಂದೂ ಹೇಳಿ.

ಏನು ತರಿಸಬೇಕು? ಮೊದಲು ಫಾವಾ. ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ, ಮೇಲೆ ಈರುಳ್ಳಿ, ಆಲಿವ್ ಎಣ್ಣೆ ಹಾಕಿ ಕೊಡುತ್ತಾರೆ. ಗಟ್ಟಿ ತೊವ್ವೆ ತಿಂದು ಬೆಳೆದವರಿಗೆ ಮೊದಲ ತುತ್ತಿಗೇ ಒಗ್ಗುತ್ತದೆ. ಆಮೇಲೆ ಟೊಮೆಟೊ ರಸದಲ್ಲಿ ಬೆಂದ ದಪ್ಪ ಬಿಳಿ ಕಾಳಿನ ಯಿಗಾಂತೆಸ್, ಬದನೆ-ಆಲೂಗಡ್ಡೆ-ಕುಂಬಳ ಜಾತಿಯ ತರಕಾರಿಗಳ ಬ್ರಿಯಾಮ್, ಬೇಯಿಸಿದ ಕಾಡುಸೊಪ್ಪಿಗೆ ನಿಂಬೆ ಹಿಂಡಿದ ಹೋರ್ತಾ. ಅನ್ನ ತುಂಬಿದ ಟೊಮೆಟೊ, ದೊಣ್ಣೆಮೆಣಸಿನಕಾಯಿಯ ಗೆಮಿಸ್ತಾ ಕೂಡ ಚೆನ್ನಾಗಿರುತ್ತದೆ. ಆದರೆ ಕೆಲವರು ಅದರಲ್ಲಿ ಖೀಮಾ ಸೇರಿಸುತ್ತಾರೆ, ಕೇಳಿಯೇ ತಗೊಳ್ಳಿ. ಫೆತಾ ಚೀಸ್ ಸಾಂಪ್ರದಾಯಿಕವಾಗಿ ಕುರಿಮರಿ-ಮೇಕೆಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಹೆಪ್ಪುಗಟ್ಟಿಸಿದ್ದು. ಕಟ್ಟುನಿಟ್ಟಿನವರು ಅದನ್ನು ಬಿಡುವುದೇ ಒಳ್ಳೆಯದು.

ಸಿಹಿಗೆ ಕಿತ್ತಳೆ. ಊರಿನ ಸುತ್ತ ಅರ್ಗೊಲಿದಾ ಬಯಲಿನ ತುಂಬ ಕಿತ್ತಳೆ ತೋಟಗಳೇ. ಹೇರಳೆ ಥರದ ಕಹಿ ಕಿತ್ತಳೆ ಸಿಪ್ಪೆಯನ್ನು ಸಕ್ಕರೆ ಪಾಕದಲ್ಲಿ ಕುದಿಸಿ, ಚಿಕ್ಕ ತಟ್ಟೆಯಲ್ಲಿ ಚಮಚದ ಜೊತೆ ಕೊಡುತ್ತಾರೆ, ಪಕ್ಕದಲ್ಲಿ ಒಂದು ಲೋಟ ತಣ್ಣೀರು. ಇದಕ್ಕೆ ಮೊಟ್ಟೆ ಹಾಕುವುದಿಲ್ಲ. ಪೊರ್ತೊಕಲೊಪಿತಾ ಎಂಬ ಕಿತ್ತಳೆ ಕೇಕ್‌ನಲ್ಲಿ ಮೊಟ್ಟೆ ಇರುತ್ತದೆ, ನೆನಪಿರಲಿ.

ಆಲೂಗಡ್ಡೆಯ ಒಂದು ಕಥೆಯೂ ಇದೆ. ಗ್ರೀಕರಿಗೆ ಆಲೂಗಡ್ಡೆ ರೂಢಿ ಮಾಡಿಸಿದ್ದು ಕಪೊದಿಸ್ತ್ರಿಯಾಸ್ ಅನ್ನುತ್ತಾರೆ. ಪುಕ್ಕಟೆ ಕೊಟ್ಟರೂ ಯಾರೂ ಮುಟ್ಟಲಿಲ್ಲವಂತೆ. ಆಗ ರಾಶಿ ಹಾಕಿಸಿ ಸುತ್ತ ಕಾವಲು ಇಟ್ಟ. ಬೆಲೆಬಾಳುವ ವಸ್ತುವೇ ಇರಬೇಕು ಅಂತ ಜನ ರಾತ್ರೋರಾತ್ರಿ ಕದ್ದೊಯ್ದರು. ಕಾವಲಿನವರಿಗೆ ನೋಡಿಯೂ ನೋಡದಂತೆ ಇರಿ ಎಂದು ಅಪ್ಪಣೆಯಾಗಿತ್ತು! ದಂತಕಥೆ ಇರಬಹುದು, ನಾಫ್‌ಪ್ಲಿಯೊದವರು ಇದನ್ನು ಪ್ರೀತಿಯಿಂದ ಹೇಳುತ್ತಾರೆ.

ಪ್ರಶ್ನೆ: ನಮಗೆ ಮೀನೇ ಬೇಕು. ಮೋಸ ಹೋಗದೆ ತಿನ್ನುವುದು ಹೇಗೆ?
– ಓದುಗರು, ಮಂಗಳೂರು

ಉತ್ತರ: ದೊಡ್ಡ ಮೀನಿಗೆ ಮೆನುವಿನಲ್ಲಿ ಬೆಲೆ ಕಿಲೋ ಲೆಕ್ಕ. ಮೀನು ತೋರಿಸಿ, ತೂಕ ಹಾಕಿಸಿ, ದರ ಕೇಳಿ, ಆಮೇಲೆ ಹೂಂ ಅನ್ನಿ. ಇದರಲ್ಲಿ ಸಂಕೋಚ ಬೇಡ, ಅಲ್ಲಿನವರೂ ಹಾಗೇ ಮಾಡುತ್ತಾರೆ. ಮೆನುವಿನಲ್ಲಿ ಹೆಸರಿನ ಪಕ್ಕ ನಕ್ಷತ್ರದ ಗುರುತಿದ್ದರೆ ಸಾಮಾನ್ಯವಾಗಿ ಅದು ಫ್ರೋಜನ್. ಬರ್ಬೂನಿಯಾ ಎಂಬ ಕೆಂಪು ಮೀನಿನ ಫ್ರೈ, ಕೆಂಡದ ಮೇಲೆ ಸುಟ್ಟ ಆಕ್ಟೋಪಸ್ ತಿನ್ನದೆ ಬರಬೇಡಿ. ರಾತ್ರಿ ಒಂಬತ್ತರ ಮುಂಚೆ ಹೋದರೆ ತವೆರ್ನಾದಲ್ಲಿ ಪ್ರವಾಸಿಗರೇ ಜಾಸ್ತಿ.

ಪ್ರಶ್ನೆ: ಜೊತೆಗೆ ಅಪ್ಪ-ಅಮ್ಮ ಇರುತ್ತಾರೆ, ಇಬ್ಬರಿಗೂ ಮಂಡಿನೋವು. ಪಲಮಿದಿ ಕೋಟೆಗೆ 999 ಮೆಟ್ಟಿಲಂತೆ. ಬಿಟ್ಟುಬಿಡುವುದಾ?
– ಓದುಗರು, ಮ್ಯೂನಿಕ್

ಉತ್ತರ: ಬಿಡಬೇಡಿ. 999 ಎನ್ನುವುದು ಊರಿನವರ ಮಾತು, ಎಣಿಸಿದವರಿಗೆ ಅಷ್ಟು ಸಿಗುವುದಿಲ್ಲ. ಆದರೂ ಕೋಟೆ 216 ಮೀಟರ್ ಎತ್ತರದಲ್ಲಿದೆ, ಮಂಡಿನೋವಿನವರಿಗೆ ಮೆಟ್ಟಿಲು ಬೇಡವೇ ಬೇಡ. ಹಿಂದಿನಿಂದ ರಸ್ತೆ ಇದೆ, ಟ್ಯಾಕ್ಸಿ ಬಾಗಿಲ ತನಕ ಹೋಗುತ್ತದೆ. ಒಳಗೆ ಕಲ್ಲುಹಾಸು ನುಣುಪಾಗಿದೆ, ಹಿಡಿತವಿರುವ ಬೂಟು ಹಾಕಿಸಿ. ವೆನಿಸ್‌ನವರು 1711ರಿಂದ 1714ರವರೆಗೆ ಕಷ್ಟಪಟ್ಟು ಕಟ್ಟಿದ ಈ ಕೋಟೆಯನ್ನು 1715ರಲ್ಲೇ ತುರ್ಕರು ಕಿತ್ತುಕೊಂಡರು. 1822ರಲ್ಲಿ ಗ್ರೀಕರು ರಾತ್ರಿ ಹೊತ್ತು ಗೋಡೆ ಹತ್ತಿ ಗೆದ್ದರು. ಕೊಲೊಕೊತ್ರೋನಿಸ್‌ನನ್ನು ಇಟ್ಟಿದ್ದರು ಎನ್ನುವ ಕತ್ತಲ ಕೋಣೆಯನ್ನು ಮೇಲೆ ತೋರಿಸುತ್ತಾರೆ. ಅದರೊಳಗೆ ಬಗ್ಗಿ ನುಸುಳಬೇಕು, ಹಿರಿಯರು ಹೊರಗೇ ನಿಂತು ನೋಡಲಿ. ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಹೋದರೆ ಬಿಸಿಲೂ ಕಡಿಮೆ, ಟೂರ್ ಬಸ್‌ಗಳೂ ಇನ್ನೂ ಬಂದಿರುವುದಿಲ್ಲ. ವಾಪಸ್ ಬರಲು ಅದೇ ಟ್ಯಾಕ್ಸಿಯವರ ಜೊತೆ ಮೊದಲೇ ಸಮಯ ಮಾತಾಡಿಕೊಳ್ಳಿ.