ಯಾವ ಹಕ್ಕಿ ಅಂತಲ್ಲ, ಯಾವ ಪ್ರಶ್ನೆ ಅಂತ ಬರೆಯಿರಿ

ಎಂಎಸ್ಸಿ ಮುಗಿಸಿದ್ದೀರಿ, ಹಕ್ಕಿಗಳೆಂದರೆ ಜೀವ. ಇಕಾಲಜಿಯಲ್ಲಿ, ಅಂದರೆ ಜೀವಿಗಳಿಗೂ ಪರಿಸರಕ್ಕೂ ಇರುವ ಸಂಬಂಧದ ಅಧ್ಯಯನದಲ್ಲಿ, ಪಿಎಚ್‌ಡಿಗೆ ಅಮೆರಿಕಕ್ಕೆ ಬಂದರೆ ಬದುಕು ಹೇಗಿರುತ್ತದೆ ಎಂದು ಕೇಳಿದ್ದೀರಿ. ನಾನು ಇದೇ ಕ್ಷೇತ್ರಕ್ಕೆ ಬಂದು 16 ವರ್ಷವಾಯಿತು. ಕಂಡದ್ದನ್ನು ಹೇಳುತ್ತೇನೆ.

ಇಲ್ಲಿ ಇಕಾಲಜಿ, ವಿಕಾಸದ ವಿಭಾಗಗಳಲ್ಲಿ ಹೆಚ್ಚಾಗಿ ನಿಮ್ಮನ್ನು ಆರಿಸುವುದು ಒಬ್ಬ ಪ್ರೊಫೆಸರ್. ಅರ್ಜಿಯ ಗಡುವು ಸಾಮಾನ್ಯವಾಗಿ ಡಿಸೆಂಬರ್ ಸುಮಾರಿಗೆ ಇರುತ್ತದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಅವರಿಗೆ ಮೇಲ್ ಬರೆಯಿರಿ. ಆದರೆ ಸುಮ್ನೆ "ಹಕ್ಕಿಗಳೆಂದರೆ ಇಷ್ಟ" ಎಂದು ಬರೆಯಬೇಡಿ. ನಾನು ಕಪ್ಪೆಗಳ ಬಗ್ಗೆ ಹಾಗೆಯೇ ಬರೆದಿದ್ದೆ, ಒಬ್ಬರೂ ಉತ್ತರಿಸಲಿಲ್ಲ. ಆಮೇಲೆ, ಒಂದೇ ಹೊಂಡದಲ್ಲಿ ನಾಲ್ಕು ಜಾತಿಯ ಕಪ್ಪೆಗಳು ಕೂಗುವಾಗ ಹೆಣ್ಣು ತನ್ನ ಜಾತಿಯ ಗಂಡನ್ನು ಹೇಗೆ ಗುರುತಿಸುತ್ತದೆ ಎಂದು ಕೇಳಿ ಬರೆದೆ. ಎರಡೇ ದಿನಕ್ಕೆ ಉತ್ತರ ಬಂತು.

ಜೀವವಿಜ್ಞಾನಿಗಳಾದ ಪೀಟರ್ ಮತ್ತು ರೋಸ್‌ಮೇರಿ ಗ್ರಾಂಟ್ ದಂಪತಿಯನ್ನೇ ನೋಡಿ. 1973ರಿಂದ ಪೆಸಿಫಿಕ್ ಸಾಗರದ ಗಲಾಪಗೊಸ್‌ನ ಡ್ಯಾಫ್ನಿ ಮೇಜರ್ ದ್ವೀಪದಲ್ಲಿ ಫಿಂಚ್ ಹಕ್ಕಿಗಳ ಕೊಕ್ಕು ಅಳೆಯುತ್ತಾ ಹೋದರು. 1977ರ ಬರದಲ್ಲಿ ಸಣ್ಣ ಬೀಜಗಳು ಮುಗಿದವು. ಗಟ್ಟಿ ಬೀಜ ಒಡೆಯಬಲ್ಲ ದೊಡ್ಡ ಕೊಕ್ಕಿನವೇ ಜಾಸ್ತಿ ಉಳಿದವು. ಮುಂದಿನ ಮರಿಗಳ ಕೊಕ್ಕೂ ದೊಡ್ಡದಾಯಿತು. ಇತ್ತ ಇನ್ನೊಬ್ಬ ಜೀವವಿಜ್ಞಾನಿ ರಿಚರ್ಡ್ ಲೆನ್ಸ್ಕಿ 1988ರಲ್ಲಿ 12 ಫ್ಲಾಸ್ಕ್‌ಗಳಲ್ಲಿ ಇ. ಕೋಲೈ ಬ್ಯಾಕ್ಟೀರಿಯಾ ಬೆಳೆಸತೊಡಗಿದರು. 30,000 ತಲೆಮಾರು ದಾಟಿದ ಮೇಲೆ ಒಂದೇ ಒಂದು ಫ್ಲಾಸ್ಕಿನವು, ಆಮ್ಲಜನಕ ಇರುವಾಗಲೂ ಫ್ಲಾಸ್ಕಿನ ದ್ರವದಲ್ಲಿದ್ದ ಸಿಟ್ರೇಟ್ ಎಂಬ ರಾಸಾಯನಿಕವನ್ನು ತಿನ್ನುವುದನ್ನು ಕಲಿತವು; ಸಾಮಾನ್ಯ ಇ. ಕೋಲೈಗೆ ಅದು ಆಗದು. ಒಬ್ಬರದು ಹಕ್ಕಿ, ಇನ್ನೊಬ್ಬರದು ಬರಿಗಣ್ಣಿಗೆ ಕಾಣದ ಜೀವಿ. ಆದರೂ ಇಬ್ಬರೂ ಕಾದು ನೋಡಿದ್ದು ವಿಕಾಸ ಕಣ್ಣೆದುರೇ ನಡೆಯುವುದನ್ನು. ನಾಳೆ ನಿಮ್ಮನ್ನು ಕೆಲಸಕ್ಕೆ ಕರೆಯುವವರೂ ನಿಮ್ಮ ಪ್ರಶ್ನೆ ಎಷ್ಟು ದೂರ ಹೋಗುತ್ತದೆ ಎಂದೇ ನೋಡುತ್ತಾರೆ.

ಹಣದ ಚಿಂತೆ ಅಷ್ಟಿಲ್ಲ. ಸಾಮಾನ್ಯವಾಗಿ ಫೀಸು ಮನ್ನಾ ಆಗಿ ಸ್ಟೈಪೆಂಡ್ ಸಿಗುತ್ತದೆ, ಬದಲಿಗೆ ಲ್ಯಾಬ್ ತರಗತಿ ನಡೆಸಬೇಕು. ಬೇಸಿಗೆ ತಿಂಗಳುಗಳಿಗೂ ಸ್ಟೈಪೆಂಡ್ ಇದೆಯಾ ಎಂದು ಮೊದಲೇ ಕೇಳಿ. ಸಂಶೋಧನೆಗೆ ಹಣ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಎಸ್‌ಎಫ್‌ನ ದೊಡ್ಡ ಪಿಎಚ್‌ಡಿ ಫೆಲೋಶಿಪ್ ಮಾತ್ರ ನಮ್ಮಂತೆ ಹೊರಗಿನಿಂದ ಬಂದ ವಿದ್ಯಾರ್ಥಿಗಳಿಗಿಲ್ಲ.

ಪಿಎಚ್‌ಡಿಗೆ 5-6 ವರ್ಷ. ಆಮೇಲೆ ಪೋಸ್ಟ್‌ಡಾಕ್ ಎಂಬ ತಾತ್ಕಾಲಿಕ ಸಂಶೋಧನಾ ಕೆಲಸ, ಎಷ್ಟೋ ಜನರಿಗೆ ಎರಡು, ಅದೂ ಬೇರೆ ಬೇರೆ ಊರಲ್ಲಿ. ಅಸಿಸ್ಟೆಂಟ್ ಪ್ರೊಫೆಸರ್ ಆದ ಮೇಲೂ ಟೆನ್ಯೂರ್‌ಗೆ, ಅಂದರೆ ಹುದ್ದೆ ಕಾಯಂ ಆಗುವುದಕ್ಕೆ, ಸುಮಾರು 6 ವರ್ಷ ಕಾಯಬೇಕು. ವಿಶ್ವವಿದ್ಯಾಲಯದ ಕೆಲಸಕ್ಕೆ ಎಚ್‌-1ಬಿ ಎಂಬ ಕೆಲಸದ ವೀಸಾದ ಲಾಟರಿ ಇಲ್ಲ, ಅದೊಂದು ಸಮಾಧಾನ. ಫೆಡರಲ್ ಸರ್ಕಾರದ ಕಾಯಂ ಕೆಲಸಕ್ಕೆ ಸಾಮಾನ್ಯವಾಗಿ ಪೌರತ್ವ ಬೇಕು.

ಇದನ್ನೆಲ್ಲ ಯಾರಾದರೂ ಹೇಳುತ್ತಾರೆ. ನನಗೆ ಯಾರೂ ಹೇಳದಿದ್ದದ್ದು ಫೀಲ್ಡ್ ಸೀಸನ್, ಅಂದರೆ ಹೊರಗೆ ಹೋಗಿ ಜೀವಿಗಳನ್ನು ಅಧ್ಯಯನ ಮಾಡುವ ಕಾಲದ ಬಗ್ಗೆ. ತಂಗಿಯ ಮದುವೆ ಏಪ್ರಿಲ್‌ನಲ್ಲಿತ್ತು. ನನ್ನ ಕಪ್ಪೆಗಳು ಕೂಗುವುದೂ ಆಗಲೇ. ಆ ಮೂರು ವಾರ ತಪ್ಪಿದರೆ ಒಂದು ವರ್ಷವೇ ಹೋದಂತೆ. ನಾನು ಹೋಗಲಿಲ್ಲ. ಆ ನೋವು ಇವತ್ತಿಗೂ ಇದೆ. ಹಕ್ಕಿಗಳು ಗೂಡು ಕಟ್ಟುವ ಕಾಲವೂ ನಿಮಗಾಗಿ ಕಾಯುವುದಿಲ್ಲ, ಅಲ್ವಾ? ಹಾಗಾಗಿ ಸೇರುವ ಮೊದಲು ಆ ಲ್ಯಾಬಿನ ವಿದ್ಯಾರ್ಥಿಗಳ ಜೊತೆ ಮಾತಾಡಿ. ಮನೆಯಲ್ಲಿ ತುರ್ತು ಬಂದರೆ ನಿಮ್ಮ ಗೂಡುಗಳನ್ನು ಎರಡು ವಾರ ನೋಡಿಕೊಳ್ಳುವವರು ಇದ್ದಾರಾ ಎಂದು ಕೇಳಿ.

ಮೇಲ್‌ನ ಕರಡು ಬರೆದ ಮೇಲೆ ನನಗೆ ಕಳಿಸಿ, ಖಂಡಿತ ಓದುತ್ತೇನೆ.