ಪ್ರೀಸೆಟ್ ಬದಿಗಿಟ್ಟು ನೋಡಿದಾಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸಲಹೆ ಕೇಳಲು ನನ್ನ ಬಳಿ ಬಂದವರು ಮೈಸೂರಿನ ಯುವತಿ. ಹೊಟ್ಟೆಪಾಡಿಗೆ ಮದುವೆ ಫೋಟೊ, ಮನಸ್ಸಿಗೆ ಬೀದಿ ಫೋಟೊ. "ಇದು ಇಂಥವರ ಫೋಟೊ ಥರಾನೇ ಇದೆಯಲ್ಲ" ಎಂದು ಗೆಳತಿಯೊಬ್ಬರು ಅಂದ ದಿನದಿಂದ, ಕೆಲಸಕ್ಕಲ್ಲದೆ ಕ್ಯಾಮೆರಾ ಮುಟ್ಟಿರಲಿಲ್ಲ. "ಹಾಗಾದ್ರೆ ನಾನು ಕದ್ದಿದ್ದೀನಾ ಮೇಡಂ?" ಎಂದರು. ನಿದ್ದೆ, ಊಟ ಸರಿಯಾಗಿಯೇ ಇದ್ದವು. ಕಾಡುತ್ತಿದ್ದುದು ನಾಚಿಕೆ.

ಮೆಚ್ಚಿನ ಛಾಯಾಗ್ರಾಹಕರ ಪ್ರೀಸೆಟ್ (ಚಿತ್ರದ ಬಣ್ಣ, ಬೆಳಕನ್ನು ಒಂದೇ ಕ್ಲಿಕ್‌ನಲ್ಲಿ ಬದಲಿಸುವ ಸಿದ್ಧ ಹೊಂದಿಕೆ) ಕೊಂಡು, ತೆಗೆದದ್ದಕ್ಕೆಲ್ಲ ಅದನ್ನೇ ಹಾಕುತ್ತಿದ್ದರು. ಅದು ಮೋಡದ ಮೃದು ಬೆಳಕಿಗೆ ಹೊಂದಿಸಿದ್ದು. ದೇವರಾಜ ಮಾರುಕಟ್ಟೆಯ ಮಧ್ಯಾಹ್ನದ ಬಿಸಿಲಿಗೆ ಹಾಕಿದರೆ ಮುಖಗಳು ಕಿತ್ತಳೆಗೆ ತಿರುಗುತ್ತವೆ. ನೆರಳನ್ನು ಎರಡು ಸ್ಟಾಪ್ (ಅಂದರೆ ನಾಲ್ಕು ಪಟ್ಟು ಬೆಳಕಿನಷ್ಟು) ಎತ್ತಿದ ಕಡೆಯೆಲ್ಲ ನಾಯ್ಸ್, ಅಂದರೆ ಮರಳಿನಂಥ ಚುಕ್ಕೆಗಳು, ಏಳುತ್ತದೆ. ಆ ಛಾಯಾಗ್ರಾಹಕರು ಎಲ್ಲಿ ನಿಂತರು, ಯಾಕೆ ಕಾದರು ಎಂಬುದು ಇವರಿಗೆ ಸಿಕ್ಕಿರಲಿಲ್ಲ. ಕೊನೆಯ ಬಣ್ಣವಷ್ಟೇ ಸಿಕ್ಕಿತ್ತು.

ನಕಲು ಮಾಡಿ ಕಲಿಯುವುದು ಕಳ್ಳತನವಲ್ಲ ಎಂದು ಮೊದಲು ಸ್ಪಷ್ಟಪಡಿಸಿದೆ. ಭಾರತದ ಛಾಯಾಗ್ರಾಹಕ ರಘುಬೀರ್ ಸಿಂಗ್ 1966ರಲ್ಲಿ ಜೈಪುರದಲ್ಲಿ ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಹೆನ್ರಿ ಕಾರ್ಟಿಯೇ-ಬ್ರೆಸೋ ಅವರ ಕೆಲಸವನ್ನು ಹತ್ತಿರದಿಂದ ಕಂಡವರು. ಕಾರ್ಟಿಯೇ-ಬ್ರೆಸೋ ಕಪ್ಪು-ಬಿಳುಪನ್ನೇ ನಂಬಿದವರು. ಅವರಿಂದ ಕಲಿತ ಸಿಂಗ್ ಹಿಡಿದದ್ದು ಮಾತ್ರ ಬಣ್ಣದ ದಾರಿಯನ್ನು.

ಕೊಟ್ಟ ಸಲಹೆ ಇಷ್ಟು. ವಾರಕ್ಕೊಂದು ಮೆಚ್ಚಿನ ಚಿತ್ರ ಆರಿಸಿ, ಬೆಳಕು ಯಾವ ಕಡೆಯಿಂದ ಬಂದಿದೆ, ಕ್ಯಾಮೆರಾ ಎಷ್ಟು ಎತ್ತರದಲ್ಲಿದೆ, ಚೌಕಟ್ಟಿನಿಂದ ಏನನ್ನು ಹೊರಗಿಟ್ಟಿದ್ದಾರೆ ಎಂದು ಬರೆದು, ಹಾಗೆಯೇ ಒಂದು ತೆಗೆಯಿರಿ. ಅದು ನೋಟ್‌ಬುಕ್ಕಿಗೆ ಮಾತ್ರ. ಯಾರಿಗಾದರೂ ತೋರಿಸಿದರೆ ಮೂಲದವರ ಹೆಸರು ಹೇಳಿ. ಉಳಿದ ಹೊತ್ತು ಆರು ವಾರ ಒಂದೇ ಜಾಗ, 35 ಎಂಎಂ ಲೆನ್ಸ್ ಒಂದೇ, ಪ್ರೀಸೆಟ್ ಇಲ್ಲ.

ಜೊತೆಗೆ, ಬೇಡವೆಂದು ಬಿಟ್ಟ ಹಳೆಯ ಚಿತ್ರಗಳಲ್ಲಿ 60 ಆರಿಸಿ, 4×6 ಇಂಚಿನಲ್ಲಿ ಕಪ್ಪು-ಬಿಳುಪು ಪ್ರಿಂಟ್ ಹಾಕಿಸಿ ತರಲು ಹೇಳಿದೆ. ಬಣ್ಣ ಹೋದರೆ ಪ್ರೀಸೆಟ್‌ನ ಮೋಡಿಯೂ ಹೋಗುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ನೆಲದ ಮೇಲೆ ಹರಡಿದಾಗ ಅವರೇ ಗಮನಿಸಿದರು: ಮಲ್ಲಿಗೆ ಕಟ್ಟುವ ಬೆರಳು, ತಕ್ಕಡಿ ಎತ್ತಿದ ಕೈ, ಧಾರೆ ಎರೆಯುವ ತಂದೆಯ ಮಣಿಕಟ್ಟು. ಎಲ್ಲವನ್ನೂ "ಮುಖ ಕಟ್ ಆಗಿದೆ" ಎಂದು ಬಿಟ್ಟಿದ್ದರು. ಹುಡುಕಬೇಕಾದ ಅವರದೇ ನೋಟ ಆ ರಾಶಿಯಲ್ಲೇ ಇತ್ತು.

ಮದುವೆಗಳಲ್ಲಿ ಗ್ರಾಹಕರು ಕೇಳಿದ ಚಿತ್ರಗಳು ಮುಗಿದ ಮೇಲೆ ಹತ್ತು ಫ್ರೇಮ್ ತಮಗಾಗಿ ತೆಗೆಯಲಿ, ಹೊರಗೆ ತೋರಿಸುವ ಮುನ್ನ ಮನೆಯವರ ಒಪ್ಪಿಗೆ ಪಡೆಯಲಿ ಎಂದೆ. ಒಂದೇ ಜಾಗ ಎಂದರೆ ನಡುವೆ ಬೇಸರ ಬಂದೇ ಬರುತ್ತದೆ. ಆಗ ಜಾಗ ಬದಲಿಸಬೇಡಿ, ಹೊತ್ತು ಬದಲಿಸಿ: ಮಧ್ಯಾಹ್ನದ ಬದಲು ಬೆಳಿಗ್ಗೆ, ಹೂವಿನ ಮೂಟೆ ಬಿಚ್ಚುವ ವೇಳೆಗೆ ಹೋಗಿ.